ಅಜ್ಜನ ಊರಿಗೆ ಬಸ್ಸಿನಲ್ಲಿ: ಪೂರ್ವ ಸ್ಲೊವಾಕಿಯಾದ ರೂಸಿನ್ ಹಳ್ಳಿಗಳ ಗುಂಪು ಪ್ರವಾಸ, ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ. ಮದುವೆಯಾಗಿ ಸೇರಿದ್ದು ರೂಸಿನ್ ಮೂಲದವರ ಮನೆ. ನಮ್ಮತ್ತೆಯ ಅಜ್ಜ 1909ರಲ್ಲಿ ಕಾರ್ಪೇಥಿಯನ್ ಬೆಟ್ಟಗಳ ಒಂದು ಹಳ್ಳಿ ಬಿಟ್ಟು ಇಲ್ಲಿನ ಉಕ್ಕಿನ ಕಾರ್ಖಾನೆಗೆ ದುಡಿಯಲು ಬಂದವರು. ಅತ್ತೆಯ ಜೊತೆ ಆ ಕಡೆಗೆ ಗುಂಪು ಪ್ರವಾಸದಲ್ಲಿ ಎರಡು ಸಲ ಹೋಗಿ ಬಂದೆ. ಆಮೇಲಿಂದ ಫೋನು ನಿಂತಿಲ್ಲ. ನನ್ನ ಹಾಗೆ ಬೇರೆ ದೇಶದ ಮನೆಗೆ ಸೊಸೆಯಾಗಿ, ಅಳಿಯನಾಗಿ ಹೋದ ಕನ್ನಡದವರು, ಇಲ್ಲಿನ ಗೆಳತಿಯರು, ಬೆಂಗಳೂರಿನ ನೆಂಟರು, ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚೂ ಕಡಿಮೆ ಅವೇ. ಒಂದೇ ಕಡೆ ಬರೆದಿಟ್ಟರೆ ಎಲ್ಲರಿಗೂ ಅನುಕೂಲ.

ಇದು ಎಂಥ ಪ್ರವಾಸ?

ಒಂದು ಬಸ್ಸು, ಮೂವತ್ತು ನಲವತ್ತು ಜನ, ಎಂಟರಿಂದ ಹತ್ತು ದಿನ. ಪ್ಯಾರಿಸ್, ರೋಮ್ ಇದರಲ್ಲಿ ಇಲ್ಲ. ಪ್ರೆಶೊವ್ ಅಥವಾ ಬಾರ್ದೆಯೊವ್ ಪಟ್ಟಣದಲ್ಲಿ ಉಳಿದುಕೊಂಡು, ಬೆಳಿಗ್ಗೆ ತಿಂಡಿ ಮುಗಿಸಿ ಹೊರಟರೆ ದಿನಕ್ಕೆ ಮೂರು ನಾಲ್ಕು ಹಳ್ಳಿ. ಒಂದೊಂದು ಹಳ್ಳಿಯೂ ಬಸ್ಸಿನಲ್ಲಿರುವ ಯಾರದೋ ಅಜ್ಜನ ಊರು, ಮುತ್ತಜ್ಜಿಯ ತವರು. ಬೇರೆಯವರ ಊರು ಬಂದಾಗಲೂ ಎಲ್ಲರೂ ಇಳಿಯುತ್ತಾರೆ. ಮೊದಲ ದಿನ ಇದು ಸ್ವಲ್ಪ ಬೇಸರ ಅನಿಸಬಹುದು. ಮೂರನೇ ದಿನದ ಹೊತ್ತಿಗೆ ಪಕ್ಕದ ಸೀಟಿನವರ ಊರು ಬಂದರೆ ನಿಮ್ಮ ಎದೆಯೂ ಡವಡವ ಅನ್ನುತ್ತದೆ.

ನೀವು ಕನ್ನಡದವರು. ಅಲ್ಲಿ ನಿಮಗೇನು ಕೆಲಸ?

ಇದನ್ನೇ ಜಾಸ್ತಿ ಕೇಳುತ್ತಾರೆ. ನಾವು ಬೆಂಗಳೂರಿನಲ್ಲಿ ಎರಡು ತಲೆಮಾರು ಕಳೆದರೂ ಮನೆದೇವರು ಯಾವ ಊರಿನಲ್ಲಿ ಅಂತ ಮರೆಯುವುದಿಲ್ಲ. ವರ್ಷಕ್ಕೊಮ್ಮೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬರುತ್ತೇವೆ. ನಮ್ಮತ್ತೆಗೆ 74 ವರ್ಷ ಆಗುವವರೆಗೂ ತಮ್ಮ ಮೂಲ ಊರನ್ನು ನೋಡುವ ಭಾಗ್ಯ ಸಿಕ್ಕಿರಲಿಲ್ಲ. ಅವರ ಜೊತೆಗೆ ಒಬ್ಬರು ಬೇಕಿತ್ತು, ಹೋದೆ. ಅದು ನನ್ನ ಮಕ್ಕಳ ಊರೂ ಹೌದು, ಅಲ್ವಾ?

ರೂಸಿನ್ ಅಂದರೆ ಯಾರು?

ಇಂದಿನ ಸ್ಲೊವಾಕಿಯಾ, ಪೋಲೆಂಡ್, ಉಕ್ರೇನ್ ದೇಶಗಳು ಸೇರುವ ಕಾರ್ಪೇಥಿಯನ್ ಬೆಟ್ಟಸಾಲಿನ ಜನ. ಅವರದೇ ಅಂತ ಒಂದು ದೇಶ ಇಲ್ಲ. ಭಾಷೆ ಪೂರ್ವ ಸ್ಲಾವಿಕ್ ಗುಂಪಿನದು, ಲಿಪಿ ಸಿರಿಲಿಕ್. ಹೆಚ್ಚಿನವರು ಗ್ರೀಕ್ ಕ್ಯಾಥೊಲಿಕರು: ಪೂಜೆಯ ಕ್ರಮ ಆರ್ಥಡಾಕ್ಸ್ ಚರ್ಚಿನದು, ಗುರು ಮಾತ್ರ ರೋಮಿನ ಪೋಪ್. ಪೋಲೆಂಡ್ ಕಡೆಯವರನ್ನು ಲೆಮ್ಕೊ ಅಂತ ಕರೆಯುತ್ತಾರೆ. ಸ್ಲೊವಾಕಿಯಾದಲ್ಲಿ ಈ ಭಾಷೆಗೆ ಅಧಿಕೃತ ಬರಹ ರೂಪ ಸಿಕ್ಕಿದ್ದು 1995ರಲ್ಲಿ. 2021ರ ಜನಗಣತಿಯಲ್ಲಿ ಅಲ್ಲಿನ 60 ಸಾವಿರಕ್ಕೂ ಹೆಚ್ಚು ಜನ ತಾವು ರೂಸಿನರು ಎಂದು ಬರೆಸಿದರು.

1880ರಿಂದ 1914ರವರೆಗೆ ಇಲ್ಲಿಂದ ಜನ ಗುಂಪು ಗುಂಪಾಗಿ ಅಮೆರಿಕಕ್ಕೆ ಹೋದರು. ಬೆಟ್ಟದ ಬರಡು ನೆಲ, ತಲೆಮಾರಿಗೊಮ್ಮೆ ಪಾಲಾಗಿ ಬಟ್ಟೆಪಟ್ಟಿಯಷ್ಟೇ ಉಳಿದ ಹೊಲ. ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿ, ಉಕ್ಕಿನ ಕುಲುಮೆಗಳಲ್ಲಿ ಕೈತುಂಬ ಕೆಲಸವಿತ್ತು. ಚಿತ್ರಕಾರ ಆಂಡಿ ವಾರ್ಹಾಲ್ ಹೆಸರು ಕೇಳಿರುತ್ತೀರಿ. ಅವರ ತಂದೆ ತಾಯಿ ಇಬ್ಬರೂ ಮಿಕೊವಾ ಅನ್ನುವ ಪುಟ್ಟ ರೂಸಿನ್ ಹಳ್ಳಿಯವರು. ತಂದೆ ಮೊದಲು ಪಿಟ್ಸ್‌ಬರ್ಗಿಗೆ ಬಂದರು, ತಾಯಿ 1921ರಲ್ಲಿ ಬಂದು ಸೇರಿಕೊಂಡರು, ಮಗ 1928ರಲ್ಲಿ ಹುಟ್ಟಿದ. ಮಿಕೊವಾ ಹತ್ತಿರದ ಮೆಜಿಲಾಬೊರ್ತ್ಸೆ ಪಟ್ಟಣದಲ್ಲಿ 1991ರಲ್ಲಿ ಅವರ ಹೆಸರಿನ ಮ್ಯೂಸಿಯಂ ಶುರುವಾಯಿತು. ಹೋಗುವ ಮುಂಚೆ ತೆರೆದಿದೆಯಾ ಅಂತ ವಿಚಾರಿಸಿಕೊಳ್ಳಿ.

ನಮ್ಮವರು ಆಸ್ಟ್ರಿಯಾದವರು ಅಂತಿದ್ದರು ತಾತ. ಕಾಗದದಲ್ಲಿ ಹಂಗೇರಿ ಅಂತಿದೆ. ಯಾವುದು ಸರಿ?

ಎರಡೂ ಸರಿ ಇರಬಹುದು. 1918ರವರೆಗೆ ಇದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯ. ಬೆಟ್ಟದ ತೆಂಕಣ ಮಗ್ಗುಲು ಹಂಗೇರಿಯ ಪಾಲು, ಬಡಗಣ ಮಗ್ಗುಲು ಆಸ್ಟ್ರಿಯಾದ ಪಾಲು. ಆಮೇಲೆ ತೆಂಕಣದ್ದು ಚೆಕೊಸ್ಲೊವಾಕಿಯಾ ಆಯಿತು. 1993ರಿಂದ ಸ್ಲೊವಾಕಿಯಾ. ಮನೆ ಬದಲಾಯಿಸದೆ ಒಬ್ಬ ಅಜ್ಜಿ ಮೂರು ನಾಲ್ಕು ದೇಶಗಳಲ್ಲಿ ಬಾಳಿದ್ದಾರೆ. ಆದ್ದರಿಂದ ದೇಶದ ಹೆಸರಿಗೆ ಜೋತುಬೀಳಬೇಡಿ. ಹುಡುಕಬೇಕಾದದ್ದು ಹಳ್ಳಿಯ ಹೆಸರು.

ಹಳ್ಳಿಯ ಹೆಸರೇ ಗೊತ್ತಿಲ್ಲ. ಸುಮ್ನೆ ಬಂದರೆ ಅಲ್ಲಿ ಯಾರಾದರೂ ಹುಡುಕಿಕೊಡುತ್ತಾರಾ?

ಇಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಬಸ್ಸು ನಿಮ್ಮ ಹಳ್ಳಿಯಲ್ಲಿ ನಿಲ್ಲುವುದು ಒಂದು ಗಂಟೆಯೋ ಎರಡು ಗಂಟೆಯೋ. ಆ ಹೊತ್ತಿನಲ್ಲಿ ನಿಮಗೆ ಸಿಗುವುದೆಲ್ಲ ನೀವು ಮನೆಯಲ್ಲಿ ಕೂತು ಮುಂಚೆಯೇ ಹುಡುಕಿಟ್ಟುಕೊಂಡದ್ದರ ಮೇಲೆ ನಿಂತಿದೆ. ಒಂದು ವರ್ಷ ಮುಂಚೆ ಶುರು ಮಾಡಿ. ಹೆಸರು ಸಿಗದಿದ್ದರೆ ಪ್ರವಾಸವನ್ನೇ ಒಂದು ವರ್ಷ ಮುಂದಕ್ಕೆ ಹಾಕಿ.

ಹುಡುಕುವುದು ಹೀಗೆ. ಮೊದಲು ಮನೆಯ ಹಿರಿಯರನ್ನು ಕೇಳಿ. ಅವರು ಹೇಳುವ ಹೆಸರು ಎಷ್ಟೇ ವಿಚಿತ್ರವಾಗಿ ಕೇಳಿಸಿದರೂ ಕೇಳಿದ ಹಾಗೆಯೇ ಬರೆದುಕೊಳ್ಳಿ, ತಿದ್ದಬೇಡಿ. ಆಮೇಲೆ ಅಮೆರಿಕದ ಕಾಗದಗಳು: ಪೌರತ್ವದ ಅರ್ಜಿ, ಮೊದಲ ಮಹಾಯುದ್ಧದ ಸೈನ್ಯ ನೋಂದಣಿ ಚೀಟಿ, ಅವರು ಹೋಗುತ್ತಿದ್ದ ಚರ್ಚಿನ ಮದುವೆ ಪುಸ್ತಕ, ಸಮಾಧಿ ಕಲ್ಲು. 1892ರಲ್ಲಿ ಶುರುವಾದ ಗ್ರೀಕ್ ಕ್ಯಾಥೊಲಿಕ್ ಯೂನಿಯನ್ ಥರದ ಸಂಘಗಳಲ್ಲಿ ಗಣಿ ಕೆಲಸಗಾರರು ವಿಮೆ ಮಾಡಿಸುತ್ತಿದ್ದರು. ಆ ಕಾಗದಗಳಲ್ಲೂ ಊರಿನ ಹೆಸರು ಇರುವುದುಂಟು. ಹಡಗಿನ ಪಟ್ಟಿ ಇನ್ನೂ ಒಳ್ಳೆಯದು. 1907ರ ನಂತರದ ಪಟ್ಟಿಗಳಲ್ಲಿ ಹುಟ್ಟಿದ ಊರು ಇರುತ್ತದೆ, ಊರಲ್ಲಿ ಬಿಟ್ಟು ಬಂದ ಹತ್ತಿರದ ಸಂಬಂಧಿಯ ಹೆಸರೂ ಇರುತ್ತದೆ. ನಮ್ಮತ್ತೆಯ ಅಜ್ಜನ ಸಾಲಿನಲ್ಲಿ ಹೆಂಡತಿಯ ಹೆಸರು, ಪಕ್ಕದಲ್ಲಿ ಊರು. ಆ ಒಂದು ಸಾಲಿಗಾಗಿ ನಾವು ಐದು ತಿಂಗಳು ಹುಡುಕಿದ್ದೆವು.

ಹೆಸರು ಸಿಕ್ಕರೂ ಅದು ಹಂಗೇರಿ ಭಾಷೆಯಲ್ಲಿರಬಹುದು. ಮೆಜಿಲಾಬೊರ್ತ್ಸೆ ಆಗ ಮೆಜೊಲಾಬೊರ್ತ್ಸ್. ಸ್ವಿದ್ನೀಕ್ ಆಗ ಫೆಲ್ಶೊವೀಜ್‌ಕೊಜ್, ಕೇಳಿದರೆ ಒಂದೇ ಊರು ಅಂತ ಅನಿಸುವುದೇ ಇಲ್ಲ. 1913ರ ಹಂಗೇರಿ ಊರುಪಟ್ಟಿ ಇದಕ್ಕೆ ಸಹಾಯಕ್ಕೆ ಬರುತ್ತದೆ.

ಊರು ಖಚಿತವಾದ ಮೇಲೆ ಚರ್ಚಿನ ಜನನ, ಮದುವೆ, ಮರಣದ ಪುಸ್ತಕಗಳು. ಅಲ್ಲಿ ಇದಕ್ಕೆ ಮಾತ್ರಿಕಾ ಅನ್ನುತ್ತಾರೆ. ಫ್ಯಾಮಿಲಿಸರ್ಚ್ ತಾಣದಲ್ಲಿ ಬಹಳಷ್ಟು ಪುಟಗಳ ಚಿತ್ರಗಳನ್ನು ಕಾಸಿಲ್ಲದೆ ನೋಡಬಹುದು. ಭಾಷೆ ಲ್ಯಾಟಿನ್, ಹಂಗೇರಿ, ಕೆಲವೆಡೆ ಸಿರಿಲಿಕ್. 1895ರ ಅಕ್ಟೋಬರ್ 1ರಿಂದ ಸರ್ಕಾರವೇ ಜನನ ಮರಣ ಬರೆಯಲು ಶುರು ಮಾಡಿತು. ಈ ಪುಸ್ತಕಗಳಲ್ಲಿ ಹೆಸರಿನ ಜೊತೆಗೆ ಮನೆ ನಂಬರ್ ಇರುತ್ತದೆ. ಅದನ್ನು ಬಿಡಬೇಡಿ. ಹಳ್ಳಿಯಲ್ಲಿ ಮುಂದೆ ನಿಮ್ಮ ಕೈಹಿಡಿಯುವುದು ಆ ನಂಬರೇ. 1869ರ ಹಂಗೇರಿ ಜನಗಣತಿಯ ಹಾಳೆಗಳೂ ಎಷ್ಟೋ ಹಳ್ಳಿಗಳದ್ದು ಉಳಿದಿವೆ. ಯಾವ ಮನೆಯಲ್ಲಿ ಎಷ್ಟು ಜನ, ಎಷ್ಟು ಹಸು, ಎಲ್ಲ ಅದರಲ್ಲಿದೆ.

ಒಂದೇ ಹೆಸರಿನ ಎರಡು ಹಳ್ಳಿ ಇದ್ದರೆ?

ಇರುತ್ತವೆ, ತುಂಬ. ನಮ್ಮಲ್ಲಿ ಊರ ಹೆಸರಿನ ಹಿಂದೆ ಹಿರೇ, ಚಿಕ್ಕ ಅಂತ ಸೇರಿಸುವ ಹಾಗೆ ಅಲ್ಲಿ ವಿಶ್ನಿ, ನಿಜ್ನಿ ಅಂತ ಸೇರಿಸುತ್ತಾರೆ. ವಿಶ್ನಿ ಅಂದರೆ ಮೇಲಿನದು, ನಿಜ್ನಿ ಅಂದರೆ ಕೆಳಗಿನದು. ಹಂಗೇರಿಯಲ್ಲಿ ಫೆಲ್ಶೊ, ಅಲ್ಶೊ. ನಮ್ಮ ಬಸ್ಸಿನಲ್ಲಿ ಒಹಾಯೊದಿಂದ ಬಂದ ಹಿರಿಯರೊಬ್ಬರಿದ್ದರು. ಅವರ ಕಾಗದದಲ್ಲಿ ಹೆಸರಿನ ಎರಡನೇ ಅರ್ಧ ಮಾತ್ರ ಇತ್ತು. ಪ್ರವಾಸ ನಡೆಸುವವರೂ ಪರೀಕ್ಷಿಸಿ ನೋಡಲಿಲ್ಲ. ಮೇಲಿನ ಊರಿಗೆ ಹೋಗಿ, ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿ, ಅತ್ತು, ಬಸ್ ಹತ್ತಿದರು. ಅವರ ಅಜ್ಜ ಕೆಳಗಿನ ಊರಿನವರು ಅಂತ ಗೊತ್ತಾದದ್ದು ಅಮೆರಿಕಕ್ಕೆ ವಾಪಸ್ಸಾದ ಮೇಲೆ. ನಾಲ್ಕೇ ಕಿಲೋಮೀಟರ್ ದೂರ ಇತ್ತು. ಅವರ ಮುಖ ನೆನಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ಎಲ್ಲಿಸ್ ಐಲೆಂಡಿನಲ್ಲಿ, ಅಂದರೆ ನ್ಯೂಯಾರ್ಕಿನ ವಲಸೆ ತಪಾಸಣೆ ಕೇಂದ್ರದಲ್ಲಿ, ಅಧಿಕಾರಿಗಳು ನಮ್ಮ ಹೆಸರು ಬದಲಾಯಿಸಿದರಂತೆ?

ಎಲ್ಲ ಮನೆಗಳಲ್ಲೂ ಈ ಕಥೆ ಇದೆ. ನಿಜವಲ್ಲ. ಹೆಸರಿನ ಪಟ್ಟಿ ತಯಾರಾಗುತ್ತಿದ್ದದ್ದು ಹಡಗು ಹೊರಡುವ ಬ್ರೆಮೆನ್, ಹ್ಯಾಂಬರ್ಗ್ ಬಂದರುಗಳಲ್ಲಿ. ನ್ಯೂಯಾರ್ಕಿನಲ್ಲಿ ಆ ಪಟ್ಟಿ ನೋಡಿ ಪ್ರಶ್ನೆ ಕೇಳುತ್ತಿದ್ದರು, ಅಷ್ಟೇ. ಹೆಸರು ಬದಲಾದದ್ದು ಆಮೇಲೆ, ಕಾರ್ಖಾನೆಯ ಸಂಬಳದ ಪುಸ್ತಕದಲ್ಲಿ, ಮಕ್ಕಳ ಶಾಲೆಯಲ್ಲಿ. ಇನ್ನೊಂದು ವಿಷಯ: ಒಬ್ಬನೇ ಮನುಷ್ಯ ಚರ್ಚಿನ ಪುಸ್ತಕದಲ್ಲಿ ಯೊಆನ್ನೆಸ್, ಹಂಗೇರಿ ದಾಖಲೆಯಲ್ಲಿ ಯಾನೋಶ್, ಮನೆಯಲ್ಲಿ ಇವಾನ್, ಪಿಟ್ಸ್‌ಬರ್ಗಿನಲ್ಲಿ ಜಾನ್. ನಾಲ್ಕು ಜನ ಅಂದುಕೊಂಡು ಮೋಸ ಹೋಗಬೇಡಿ.

ನಿಜವಾಗಿ ನೆಂಟರು ಸಿಗುತ್ತಾರಾ?

ಸಿಗಬಹುದು. ನಮಗೆ ಸಿಕ್ಕರು, ಹೇಗೆ ಅಂತ ಹೇಳುತ್ತೇನೆ.

ನಮ್ಮ ಹಳ್ಳಿ ಸ್ತ್ರೊಪ್ಕೊವ್ ಪಟ್ಟಣದ ಹತ್ತಿರ. ಹೋಗುವ ಎರಡು ತಿಂಗಳ ಮುಂಚೆ ಊರಿನ ಸ್ತಾರೊಸ್ತಾಗೆ, ಅಂದರೆ ಪಂಚಾಯಿತಿ ಅಧ್ಯಕ್ಷರ ಥರದವರಿಗೆ, ಸ್ಲೊವಾಕ್ ಭಾಷೆಯಲ್ಲಿ ಒಂದು ಕಾಗದ ಬರೆಸಿ ಕಳಿಸಿದ್ದೆವು. ಅಜ್ಜನ ಹೆಸರು, ಹುಟ್ಟಿದ ವರ್ಷ, ಹಳೆಯ ಮನೆ ನಂಬರ್, ನಾವು ಬರುವ ದಿನ, ಇಷ್ಟೇ. ಉತ್ತರ ಬರಲಿಲ್ಲ. ಉತ್ತರ ಬಂದಿಲ್ಲ ಅಂತ ಆಸೆ ಬಿಡಬೇಡಿ. ಬಸ್ಸು ನಿಂತಾಗ ಸ್ತಾರೊಸ್ತಾ ಚರ್ಚಿನ ಬೀಗದ ಕೈ ಹಿಡಿದು ರಸ್ತೆಯಲ್ಲೇ ಕಾಯುತ್ತಿದ್ದರು. ಇಬ್ಬರು ಹೆಂಗಸರು ಕಸೂತಿ ಬಟ್ಟೆಯ ಮೇಲೆ ದುಂಡನೆ ಬ್ರೆಡ್ಡು, ಅದರ ನಡುವೆ ಉಪ್ಪಿನ ಬಟ್ಟಲು ಇಟ್ಟುಕೊಂಡು ನಿಂತಿದ್ದರು. ಬ್ರೆಡ್ ಮುರಿದು ಉಪ್ಪಿಗೆ ಅದ್ದಿ ತಿನ್ನುವುದು ಅಲ್ಲಿನ ಸ್ವಾಗತ.

ಹಳೆಯ ನಂಬರಿಗೂ ಈಗಿನ ನಂಬರಿಗೂ ಹೊಂದುವುದಿಲ್ಲ. ಸ್ತಾರೊಸ್ತಾಗೆ ಗೊತ್ತಿತ್ತು. ಮರದ ಹಳೆ ಮನೆ ಎಂದೋ ಹೋಗಿ, ಅದೇ ಜಾಗದಲ್ಲಿ 1970ರ ದಶಕದ ಗಾರೆ ಮನೆ. ಒಳಗಿಂದ ಎಂಬತ್ತು ದಾಟಿದ ಅಜ್ಜಿಯೊಬ್ಬರು ತಲೆಗೆ ವಸ್ತ್ರ ಕಟ್ಟಿಕೊಂಡು ಹೊರಗೆ ಬಂದರು. ಅತ್ತೆ ತಮ್ಮ ಅಜ್ಜನ ಫೋಟೊ ತೋರಿಸಿದರು. ಅವರು ಫೋಟೊ ನೋಡಲೇ ಇಲ್ಲ, ಅತ್ತೆಯ ಮುಖ ನೋಡಿದರು. ಒಳಗೆ ಹೋಗಿ ಒಂದು ಬಿಸ್ಕತ್ತಿನ ಡಬ್ಬಿ ತಂದರು. ಅದರೊಳಗೆ ಲಕೋಟೆಗಳು. ಮೂಲೆಯ ಅಂಚೆಚೀಟಿಗಳನ್ನೆಲ್ಲ ಯಾವನೋ ಹುಡುಗ ಕತ್ತರಿಸಿಕೊಂಡಿದ್ದ. ಕಳಿಸಿದವರ ವಿಳಾಸ ಪೆನ್ಸಿಲ್ವೇನಿಯಾದ ಬ್ರಾಡಕ್, ಅತ್ತೆ ಹುಟ್ಟಿದ ಮನೆ. ಅಕ್ಷರ ಅತ್ತೆಯ ಅಜ್ಜಿಯದು, ಅತ್ತೆಗೆ ನೋಡಿದೊಡನೆ ಗೊತ್ತಾಯಿತು. 1950ರ ದಶಕದಲ್ಲಿ ಕಾಗದ ಬರುವುದು ನಿಂತಿತ್ತು.

ಆಕೆ ಅತ್ತೆಯ ಅಜ್ಜನ ತಮ್ಮನ ಮೊಮ್ಮಗಳು. ಇಂಗ್ಲಿಷಿನಲ್ಲಿ ಈ ಸಂಬಂಧಕ್ಕೆ ಹೆಸರು ಹೇಳಲು ಎಲ್ಲರೂ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು. ನಮ್ಮ ಭಾಷೆಯಲ್ಲಾದರೆ ಸುಲಭ, ವರಸೆಯಲ್ಲಿ ನಿಮಗೆ ಅಕ್ಕ ಆಗಬೇಕು ಅಂದೆ. ಅತ್ತೆಗೆ ಆ ಮಾತು ಎಷ್ಟು ಹಿಡಿಸಿತು ಅಂದರೆ, ಇವತ್ತಿಗೂ ಫೋನಿನಲ್ಲಿ ಅವರನ್ನು ಅಕ್ಕ ಅಂತಲೇ ಕರೆಯುತ್ತಾರೆ.

ಎಲ್ಲರಿಗೂ ಹೀಗೆ ಆಗುವುದಿಲ್ಲ. ಮನೆತನವೇ ಮುಗಿದಿರಬಹುದು. ಮಕ್ಕಳೆಲ್ಲ ಬ್ರಾತಿಸ್ಲಾವಾ, ಪ್ರಾಗ್ ಸೇರಿರಬಹುದು. ಪ್ರಿಕ್ರಾ ಅನ್ನುವ ಹಳ್ಳಿಯಲ್ಲಿ ಈಗ ಬೆರಳೆಣಿಕೆಯಷ್ಟೇ ಜನ. ಆದರೂ ಊರಿನ ಹಿರಿಯರೊಬ್ಬರು ಸಿಕ್ಕೇ ಸಿಗುತ್ತಾರೆ, ಅವರನ್ನು ಮಾತಾಡಿಸಿ.

ಮುತ್ತಜ್ಜನ ಸಮಾಧಿ ನೋಡಬಹುದಾ?

ಬಹುಶಃ ಇಲ್ಲ. ಇದನ್ನು ಮೊದಲೇ ತಿಳಿದುಕೊಂಡರೆ ಅಲ್ಲಿ ಹೋಗಿ ಕುಸಿಯುವುದಿಲ್ಲ. ಬಡವರ ಗುರುತು ಮರದ ಶಿಲುಬೆ, ಅದು ಉಳಿಯುವುದಿಲ್ಲ. ಜೊತೆಗೆ ಸ್ಲೊವಾಕಿಯಾದಲ್ಲಿ ಸಮಾಧಿ ಜಾಗ ಬಾಡಿಗೆಯದು. ಕಟ್ಟುವವರು ಯಾರೂ ಇಲ್ಲದಿದ್ದರೆ ಆ ಜಾಗ ಇನ್ನೊಬ್ಬರಿಗೆ ಹೋಗುತ್ತದೆ. ನೂರು ವರ್ಷ ದಾಟಿದ ಕಲ್ಲು ಕಾಣುವುದು ಅಪರೂಪ. ಆದರೆ ಸ್ಮಶಾನಕ್ಕೆ ಹೋಗುವುದನ್ನು ತಪ್ಪಿಸಬೇಡಿ. ನಿಮ್ಮ ಮನೆತನದ ಹೆಸರು ಹತ್ತು ಕಲ್ಲುಗಳ ಮೇಲೆ ಇರುತ್ತದೆ. ಎಲ್ಲದರ ಫೋಟೊ ತೆಗೆದುಕೊಳ್ಳಿ. ಹೂವು, ಮೇಣದ ದೀಪ ಪಟ್ಟಣದಲ್ಲೇ ಕೊಂಡುಕೊಳ್ಳಿ, ಹಳ್ಳಿಯಲ್ಲಿ ಅಂಗಡಿ ಇರುವುದಿಲ್ಲ.

ಮರದ ಚರ್ಚುಗಳ ಬಗ್ಗೆ ತುಂಬ ಕೇಳಿದ್ದೇವೆ. ಎಲ್ಲವೂ ಒಂದೇ ಥರ ಅಲ್ವಾ?

ಹೊರಗಿನಿಂದ ಹಾಗೆ ಕಾಣಬಹುದು. ಉದ್ದಕ್ಕೆ ಮೂರು ಭಾಗ, ಮೇಲೆ ಮೂರು ಗೋಪುರ, ಪಡುವಣದ ಗೋಪುರ ಎಲ್ಲಕ್ಕಿಂತ ಎತ್ತರ. ಮೈತುಂಬ ಮೀನಿನ ಹುರುಪೆಯ ಹಾಗೆ ಜೋಡಿಸಿದ ಮರದ ಹಲಗೆಚೂರು. ಬೊದ್ರುಜಾಲ್ ಚರ್ಚ್ 1658ರದ್ದು, ಲಾದೊಮಿರೊವಾ 1742ರದ್ದು. ಇವೆರಡೂ ಸೇರಿ ಸ್ಲೊವಾಕಿಯಾದ ಎಂಟು ಮರದ ಚರ್ಚುಗಳು 2008ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು.

ಒಳಗೆ ಹೋದಾಗ ಮಾತು ನಿಲ್ಲಿಸಿ ಎರಡು ನಿಮಿಷ ಸುಮ್ಮನೆ ನಿಲ್ಲಿ. ಹಳೆ ಮರ, ಜೇನುಮೇಣ, ಧೂಪ ಸೇರಿದ ವಾಸನೆ. ಕಣ್ಣು ಕತ್ತಲೆಗೆ ಹೊಂದಿಕೊಂಡಂತೆ ಎದುರಿನ ಚಿತ್ರಗೋಡೆಯ ಸಂತರು ಒಬ್ಬೊಬ್ಬರಾಗಿ ಕಾಣಿಸಿಕೊಳ್ಳುತ್ತಾರೆ. ಬಾಗಿಲಿನ ಹೊಸ್ತಿಲು ನಡುವೆ ಸವೆದು ಬಟ್ಟಲಿನ ಹಾಗಾಗಿರುತ್ತದೆ. ಭಾನುವಾರ ಅಲ್ಲಿದ್ದರೆ ಪೂಜೆಗೆ ಕೂರಲೇಬೇಕು. ವಾದ್ಯ ಇಲ್ಲ, ಇಡೀ ಊರು ಹಾಡುತ್ತದೆ.

ಗ್ರೀಕ್ ಕ್ಯಾಥೊಲಿಕ್ ಚರ್ಚನ್ನೇ 1950ರಲ್ಲಿ ಕಮ್ಯುನಿಸ್ಟ್ ಸರ್ಕಾರ ನಿಷೇಧಿಸಿತ್ತು. 1968ರಲ್ಲಿ ಮತ್ತೆ ಅನುಮತಿ ಸಿಕ್ಕಿತು. ಬಿಷಪ್ ಪಾವೆಲ್ ಗೊಯ್ದಿಚ್ 1960ರಲ್ಲಿ ಸೆರೆಮನೆಯಲ್ಲೇ ಜೀವ ಬಿಟ್ಟರು. ಪ್ರೆಶೊವ್‌ನ ಕ್ಯಾಥೆಡ್ರಲ್ಲಿನಲ್ಲಿ ಅವರ ಅವಶೇಷಗಳಿವೆ. ನಮ್ಮ ಗುಂಪಿನಲ್ಲಿ ಅಲ್ಲಿ ಮಂಡಿಯೂರದವರು ಯಾರೂ ಇರಲಿಲ್ಲ.

ನಮ್ಮವರು ಪೋಲೆಂಡ್ ಕಡೆಯ ಲೆಮ್ಕೊಗಳು. ಅಲ್ಲಿ ಊರೇ ಇಲ್ಲವಂತೆ?

ಎಷ್ಟೋ ಕಡೆ ಇಲ್ಲ. 1947ರ ಏಪ್ರಿಲ್ ಕೊನೆಯಲ್ಲಿ ಪೋಲೆಂಡ್ ಸರ್ಕಾರ ವಿಸ್ತುಲಾ ಕಾರ್ಯಾಚರಣೆ ಶುರು ಮಾಡಿತು. ಲೆಮ್ಕೊಗಳೂ ಉಕ್ರೇನಿಯನ್ನರೂ ಸೇರಿ ಸುಮಾರು 1,40,000 ಜನರನ್ನು ಬೆಟ್ಟದಿಂದ ಎಬ್ಬಿಸಿ, ಜರ್ಮನಿಯಿಂದ ಪೋಲೆಂಡಿಗೆ ಸಿಕ್ಕಿದ್ದ ಪಶ್ಚಿಮ ಮತ್ತು ಉತ್ತರದ ಜಾಗಗಳಿಗೆ ಚದುರಿಸಿದರು. 1956ರ ನಂತರ ಸ್ವಲ್ಪ ಜನ ಮಾತ್ರ ಮರಳಿದರು.

ಇಂಥ ಊರಿಗೆ ಹೋಗಬೇಕೋ ಬೇಡವೋ ಅಂತ ಕೇಳಿದರೆ, ಖಂಡಿತ ಹೋಗಿ ಅನ್ನುತ್ತೇನೆ. ರಾದೊತ್ಸಿನಾ ಅನ್ನುವ ಕಡೆ ಬಸ್ಸು ಇಳಿದಾಗ ಎದುರಿಗೆ ಬರೀ ಹುಲ್ಲುಗಾವಲು. ಹುಲ್ಲಿನ ನಡುವೆ ಒಂದು ಬಾಗಿಲು. ಗೋಡೆ ಇಲ್ಲ, ಮನೆ ಇಲ್ಲ, ಚೌಕಟ್ಟು ಮಾತ್ರ. ಇಲ್ಲೊಂದು ಊರಿತ್ತು ಅಂತ ನೆನಪಿಸಲು ನಿಲ್ಲಿಸಿದ್ದು. ಸುತ್ತ ನೋಡುತ್ತ ಹೋದರೆ ಮನೆಗಳ ಜಾಗ ತಾನೇ ತಿಳಿಯುತ್ತದೆ: ಸಾಲಾಗಿ ಸೇಬು, ಪ್ಲಮ್ ಮರಗಳು, ಕಲ್ಲಿನ ಶಿಲುಬೆ, ತಗ್ಗಾದ ನೆಲಮಾಳಿಗೆ. ಸೆಪ್ಟೆಂಬರಿನಲ್ಲಿ ಆ ಮರಗಳಲ್ಲಿ ಇನ್ನೂ ಹಣ್ಣಿತ್ತು. ಅಜ್ಜಿಯ ಊರು ಅದು ಅಂತ ಬಂದಿದ್ದ ಹೆಂಗಸು ಒಂದು ಸೇಬು ಕಿತ್ತು, ಅರ್ಧ ತಾನು ತಿಂದು ಅರ್ಧ ಮಗನಿಗೆ ಕೊಟ್ಟಳು.

ಸ್ಲೊವಾಕಿಯಾ ಕಡೆಯೂ ಅಳಿದ ಊರುಗಳಿವೆ. ಸ್ನಿನಾ ಹತ್ತಿರ 1980ರ ದಶಕದಲ್ಲಿ ಕುಡಿಯುವ ನೀರಿಗೆ ಸ್ತಾರಿನಾ ಅಣೆಕಟ್ಟು ಕಟ್ಟಿದಾಗ ಏಳು ಹಳ್ಳಿಗಳನ್ನು ಖಾಲಿ ಮಾಡಿಸಿದರು. ನಮ್ಮ ಶರಾವತಿ ಮುಳುಗಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಮ್ಮ ಮನೆಯವರ ಮೂಲ ಯಹೂದಿ. ಈ ಪ್ರವಾಸ ಸರಿಹೋಗುತ್ತಾ?

ದಾರಿ ಒಂದೇ, ಹುಡುಕುವ ದಾಖಲೆ ಬೇರೆ. ಈ ಪಟ್ಟಣಗಳಲ್ಲೆಲ್ಲ ಯಹೂದಿಗಳು ದೊಡ್ಡ ಸಂಖ್ಯೆಯಲ್ಲಿದ್ದರು. 1942ರ ಮಾರ್ಚ್ 25ರಂದು ಪೊಪ್ರಾದ್ ಪಟ್ಟಣದಿಂದ ಯಹೂದಿ ಹೆಣ್ಣುಮಕ್ಕಳನ್ನು ತುಂಬಿಕೊಂಡ ಮೊದಲ ರೈಲು ನಾಜಿಗಳ ಸಾವಿನ ಶಿಬಿರ ಆಶ್ವಿಟ್ಸ್‌ಗೆ ಹೊರಟಿತು. ಬಾರ್ದೆಯೊವ್‌ನಲ್ಲಿ ಹಳೆಯ ಯಹೂದಿ ಕೇರಿ ಉಳಿದಿದೆ. ಅದಕ್ಕೆ ಅರ್ಧ ದಿನ ಬೇಕು ಅಂತ ಪ್ರವಾಸ ನಡೆಸುವವರಿಗೆ ಮೊದಲೇ ಹೇಳಿ ಒಪ್ಪಿಸಿ.

ಸಸ್ಯಾಹಾರಿಗಳಿಗೆ ಊಟ?

ಸಿಗುತ್ತದೆ, ಕೇಳಬೇಕು. ಪಿರೋಹಿ ನಮ್ಮ ಕಡುಬಿನ ಹಾಗೆ, ಒಳಗೆ ಆಲೂಗಡ್ಡೆ, ಕೋಸು ಅಥವಾ ಚೀಸು. ಹಲುಷ್ಕಿ ಅಂದರೆ ಆಲೂ ಹಿಟ್ಟಿನ ಸಣ್ಣ ಉಂಡೆಗಳು, ಮೇಲೆ ಬ್ರಿಂಜಾ ಅನ್ನುವ ಕುರಿ ಹಾಲಿನ ಚೀಸು. ಅದರ ಮೇಲೆ ಹಂದಿ ಕೊಬ್ಬಿನ ಚೂರು ಉದುರಿಸುತ್ತಾರೆ. "ಬೆಜ್ ಸ್ಲಾನಿನಿ" ಅಂದರೆ ಅದು ಬೇಡ ಅಂತ. "ಬೆಜ್ ಮೆಸಾ" ಅಂದರೆ ಮಾಂಸ ಬೇಡ. ಸೂಪಿನ ನೀರು ಮಾಂಸದ್ದೇ ಇರುತ್ತದೆ, ಅದನ್ನು ಬಿಟ್ಟುಬಿಡಿ. ಕೋಸಿನೆಲೆಯಲ್ಲಿ ಸುತ್ತಿದ ಹೊಲುಬ್ಕಿಯೊಳಗೂ ಸಾಮಾನ್ಯವಾಗಿ ಮಾಂಸವಿರುತ್ತದೆ. ಹಳ್ಳಿ ಮನೆಯಲ್ಲಿ ಪ್ಲಮ್ ಹಣ್ಣಿನ ಸಾರಾಯಿ ಸ್ಲಿವೊವಿತ್ಸಾ ಕೊಡುತ್ತಾರೆ. ಕುಡಿಯದಿದ್ದರೆ ಕೈ ಮುಗಿದು ಬೇಡ ಅಂದರೆ ಸಾಕು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹೋಳಿಗೆ ಹಿಟ್ಟು ಹದ ಮಾಡುವ ಕೈ ನಿಮ್ಮದಾದರೆ ಪಿರೋಹಿ ಮಾಡುವಾಗ ಸೇರಿಕೊಳ್ಳಿ. ಭಾಷೆ ಬೇಕಾಗುವುದಿಲ್ಲ.

ಭಾಷೆ ಬರದಿದ್ದರೆ?

ಬಸ್ಸಿನಲ್ಲಿ ದುಭಾಷಿ ಇರುತ್ತಾರೆ, ಆದರೆ ನಲವತ್ತು ಜನಕ್ಕೆ ಒಬ್ಬರೇ. ನಿಮ್ಮ ಊರಿನ ದಿನಕ್ಕೆ ಸ್ಥಳೀಯ ಕಾಲೇಜು ಹುಡುಗಿಯೋ ಹುಡುಗನೋ ಒಬ್ಬರನ್ನು ದುಡ್ಡು ಕೊಟ್ಟು ಗೊತ್ತು ಮಾಡಿಕೊಳ್ಳಿ. ಇದಕ್ಕಿಂತ ಸಾರ್ಥಕ ಖರ್ಚು ಇಲ್ಲ. ಒಂದು ಮಾತು ಮಾತ್ರ ಕಲಿತು ಹೋಗಿ. ಹಿರಿಯರು ಎದುರಾದರೆ "ಸ್ಲಾವಾ ಇಸುಸು ಕ್ರಿಸ್ತು" ಅನ್ನಿ. ಅವರು "ಸ್ಲಾವಾ ನಾ ವಿಕಿ" ಅನ್ನುತ್ತಾರೆ. ಯೇಸುವಿಗೆ ಜಯ, ಎಂದೆಂದಿಗೂ ಜಯ ಅಂತ. ಸೀರೆ ಉಟ್ಟ ನನ್ನ ಬಾಯಲ್ಲಿ ಇದನ್ನು ಕೇಳಿ ಒಬ್ಬ ಅಜ್ಜಿ ಎರಡೂ ಕೆನ್ನೆಗೆ ಮುತ್ತು ಕೊಟ್ಟರು.

ವೀಸಾ?

ಭಾರತದ ಪಾಸ್‌ಪೋರ್ಟ್ ಇದ್ದರೆ ಷೆಂಗೆನ್ ವೀಸಾ ಬೇಕೇ ಬೇಕು. ಅಮೆರಿಕದ ಗ್ರೀನ್ ಕಾರ್ಡ್ ಇದ್ದರೂ ಬೇಕು, ಇಲ್ಲಿ ತುಂಬ ಜನ ಎಡವುತ್ತಾರೆ. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಪ್ರವಾಸಕ್ಕೆ ಆರು ತಿಂಗಳ ಮುಂಚಿನಿಂದ ಹಾಕಬಹುದು. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಸ್ಲೊವಾಕಿಯಾ, ಪೋಲೆಂಡ್, ಹಂಗೇರಿ, ಆಸ್ಟ್ರಿಯಾ ನಾಲ್ಕೂ ಇದೇ ವೀಸಾದಲ್ಲಿ ಆಗುತ್ತವೆ. ಬುಡಾಪೆಸ್ಟಿಗೆ ವಿಮಾನದಲ್ಲಿ ಬಂದಿಳಿದರೆ ಪೂರ್ವ ಸ್ಲೊವಾಕಿಯಾದ ಕೊಶಿತ್ಸೆ ನಗರ ಸುಮಾರು 260 ಕಿ.ಮೀ. ಖರ್ಚಿಗೆ ಸ್ಲೊವಾಕಿಯಾದಲ್ಲಿ ಯೂರೊ, ಪೋಲೆಂಡಿನಲ್ಲಿ ಜ್ಲಾತಿ.

ಉಕ್ರೇನ್ ಕಡೆಯ ಹಳ್ಳಿಗಳಿಗೆ?

ಮೊದಲು ಉಜ್‌ಹೊರೊದ್ ಕಡೆಗೂ ಬಸ್ಸುಗಳು ಹೋಗುತ್ತಿದ್ದವು. 2022ರಲ್ಲಿ ಯುದ್ಧ ಜೋರಾದ ಮೇಲೆ ಆ ಆಸೆ ಬದಿಗಿಡಬೇಕಾಗಿದೆ. ಆ ಕಡೆಯವರು ಮನೆಯಲ್ಲೇ ಕೂತು ದಾಖಲೆ ಹುಡುಕಿಟ್ಟುಕೊಳ್ಳಿ.

ಇದರಿಂದ ಸ್ಲೊವಾಕಿಯಾ ಪೌರತ್ವ ಸಿಗುತ್ತಾ?

ಪ್ರವಾಸದಿಂದ ಇಲ್ಲ. 2022ರ ಕಾನೂನು ತಿದ್ದುಪಡಿಯಿಂದ ಚೆಕೊಸ್ಲೊವಾಕಿಯಾದ ಪ್ರಜೆಯಾಗಿದ್ದವರ ಮರಿಮಕ್ಕಳವರೆಗೆ ಅರ್ಜಿ ಹಾಕಬಹುದು. 1918ಕ್ಕೆ ಮುಂಚೆಯೇ ಊರು ಬಿಟ್ಟವರ ವಿಷಯದಲ್ಲಿ ಇದು ತೊಡಕಿನದು, ವಕೀಲರನ್ನು ಕೇಳಿ.

ವಯಸ್ಸಾದವರಿಗೆ ಕಷ್ಟವಾಗುತ್ತಾ?

ಬಸ್ಸು ಆರಾಮ. ಹಳ್ಳಿಯ ಇಳಿಜಾರು ಕಷ್ಟ. ಚರ್ಚೂ ಸ್ಮಶಾನವೂ ಯಾವಾಗಲೂ ಗುಡ್ಡದ ಮೇಲೆಯೇ. ಹಿಡಿತ ಇರುವ ಶೂ, ಊರುಗೋಲು ತನ್ನಿ. ಮೇ ಕೊನೆ, ಇಲ್ಲವೇ ಸೆಪ್ಟೆಂಬರ್ ಒಳ್ಳೆಯ ಕಾಲ. ಅತ್ತೆಯನ್ನು ಒಂದು ಕಡೆ ಸ್ತಾರೊಸ್ತಾ ತಮ್ಮ ಟ್ರ್ಯಾಕ್ಟರಿನಲ್ಲಿ ಮೇಲಕ್ಕೆ ಕರೆದುಕೊಂಡು ಹೋದರು.

ಏನು ಉಡುಗೊರೆ ಒಯ್ಯಬೇಕು?

ಫೋಟೊ. ನಿಮ್ಮ ಮನೆಯ ಹಳೆಯ, ಹೊಸ ಫೋಟೊಗಳ ಪ್ರತಿ ಮಾಡಿಸಿ, ಹಿಂದೆ ಹೆಸರು, ವರ್ಷ, ವಿಳಾಸ ಬರೆದು ಕೊಡಿ. ವಂಶವೃಕ್ಷವನ್ನು ಒಂದೇ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಒಯ್ಯಿರಿ, ಮೇಜಿನ ಮೇಲೆ ಹರಡಿದರೆ ಅವರೇ ಪೆನ್ನು ತೆಗೆದುಕೊಂಡು ತುಂಬುತ್ತಾರೆ. ಮನೆಯವರಿಗೆ ದುಡ್ಡು ಕೊಡಬೇಡಿ, ನೋಯುತ್ತಾರೆ. ಚರ್ಚಿನ ಡಬ್ಬಿಗೆ ಹಾಕಿ.

ಬಸ್ಸಿನ ಬದಲು ಕಾರು ಬಾಡಿಗೆಗೆ ತೆಗೆದುಕೊಂಡರೆ?

ಎರಡನೇ ಸಲ ಹೋಗುವಾಗ ಹಾಗೇ ಮಾಡಿ. ಮೊದಲ ಸಲಕ್ಕೆ ಬಸ್ಸೇ ಸರಿ. ಚರ್ಚಿನ ಬೀಗದ ಕೈ ಯಾರ ಹತ್ತಿರ ಇದೆ ಅಂತ ಪ್ರವಾಸ ನಡೆಸುವವರಿಗೆ ಗೊತ್ತಿರುತ್ತದೆ. ಹಿಂದಿನ ಸೀಟಿನವರ ಮುತ್ತಜ್ಜಿಯೂ ನಿಮ್ಮ ಮುತ್ತಜ್ಜನೂ ಒಂದೇ ಊರಿನವರು ಅಂತ ತಿಳಿಯುವುದೂ ಬಸ್ಸಿನಲ್ಲೇ. ನಮಗೆ ಹಾಗೆ ಎರಡು ಮನೆಯವರು ಸಿಕ್ಕರು, ಇಬ್ಬರೂ ಪಿಟ್ಸ್‌ಬರ್ಗಿನವರೇ.

ಅಜ್ಜನ ಊರಿನ ಮಣ್ಣು ತರಬಹುದಾ?

ಅಮೆರಿಕದಲ್ಲಿರುವ ಸಮಾಧಿಗೆ ಹಾಕಬೇಕು ಅಂತ ಎಲ್ಲರಿಗೂ ಆಸೆ. ಪರವಾನಗಿ ಇಲ್ಲದೆ ಹೊರದೇಶದ ಮಣ್ಣು ಅಮೆರಿಕದೊಳಗೆ ತರುವ ಹಾಗಿಲ್ಲ. ಭಾರತಕ್ಕೂ ಹಾಗೆಯೇ. ನಾವು ಹೀಗೆ ಮಾಡಿದೆವು. ಹಳ್ಳಿಯ ಆ ಅಕ್ಕನ ಮನೆಯ ಹಿಂದೆ ಒಂದು ಹಳ್ಳ ಹರಿಯುತ್ತದೆ. ಅಕ್ಕ ಅದರೊಳಗೆ ಕೈ ಹಾಕಿ ಮುಷ್ಟಿ ಗಾತ್ರದ ಒಂದು ಬೂದು ಕಲ್ಲು ಎತ್ತಿಕೊಟ್ಟರು. ಹೋಟೆಲಿನಲ್ಲಿ ಅತ್ತೆ ಅದನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತಿಕ್ಕಿ ಒಂದು ಕಣ ಮಣ್ಣಿಲ್ಲದ ಹಾಗೆ ತೊಳೆದರು. ವಿಮಾನ ನಿಲ್ದಾಣದಲ್ಲಿ ನಾವೇ ತೋರಿಸಿ ಹೇಳಿದೆವು. ಅಧಿಕಾರಿ ತಿರುಗಿಸಿ ನೋಡಿ ವಾಪಸ್ ಕೊಟ್ಟರು. ಈಗ ಅದು ಅಜ್ಜನ ಸಮಾಧಿಯ ಮೇಲಿದೆ, ಹೆಸರಿನ ಕೆಳಗೆ. ಹುಲ್ಲು ಕತ್ತರಿಸುವವರು ತೆಗೆದು ಎಸೆಯಬಾರದು ಅಂತ ಅತ್ತೆ ಸಿಮೆಂಟಿನಿಂದ ಅಂಟಿಸಿದ್ದಾರೆ.